ಕಾರ್ಬುರೇಟರ್ ಇಲ್ಲದ ಕಾರ್ವೆಟ್

1965ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಶೆವ್ರೊಲೆ ಕಂಪನಿಯ ಕಾರ್ವೆಟ್ ಕೊಳ್ಳಲು ಹೋದವನ ಮುಂದೆ ಒಂದು ಸರಳ ಲೆಕ್ಕವಿತ್ತು. ಕಾರಿನ ಬೆಲೆ ನಾಲ್ಕು ಸಾವಿರ ಡಾಲರಿಗೆ ತುಸು ಹೆಚ್ಚು. ಅದರ ಮೇಲೆ ಇನ್ನೂ 538 ಡಾಲರ್ ಕೊಟ್ಟರೆ, ಪೆಟ್ರೋಲನ್ನು ಅಳೆದು ಒಂದೊಂದು ಸಿಲಿಂಡರಿನ ಬಾಗಿಲಿಗೂ ಬೇರೆ ಬೇರೆಯಾಗಿ ಚಿಮ್ಮಿಸುವ 'ಫ್ಯೂಯೆಲ್ ಇಂಜೆಕ್ಷನ್' ಇಂಜಿನ್ ಸಿಗುತ್ತಿತ್ತು. ಅದರ ಬಲ 375 ಅಶ್ವಶಕ್ತಿ. ಅದು ಬೇಡವೆಂದರೆ 292 ಡಾಲರ್ 70 ಸೆಂಟ್ ಕೊಟ್ಟು, ಹಳೆಯ ಪದ್ಧತಿಯ ಕಾರ್ಬುರೇಟರನ್ನೇ ಹೊತ್ತ, ಗಾತ್ರದಲ್ಲಿ ಮಾತ್ರ ಹೆಚ್ಚು ದೊಡ್ಡದಾದ ಇನ್ನೊಂದು ಇಂಜಿನನ್ನು ಕೊಳ್ಳಬಹುದಿತ್ತು. ಅದರ ಬಲ 425.

ಗಿರಾಕಿಗಳು ಏನು ಮಾಡಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷ ತಯಾರಾದ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಕಾರ್ವೆಟ್‌ಗಳಲ್ಲಿ ಇಂಜೆಕ್ಷನ್ ಇದ್ದವು 771 ಮಾತ್ರ. ವರ್ಷದ ನಡುವೆ ಮಾರುಕಟ್ಟೆಗೆ ಬಂದ ದೊಡ್ಡ ಇಂಜಿನಿನ ಕಾರುಗಳು 2,157. ಮರುವರ್ಷದ ಪಟ್ಟಿಯಲ್ಲಿ ಇಂಜೆಕ್ಷನ್ ಎಂಬ ಹೆಸರೇ ಇರಲಿಲ್ಲ. 1957ರಲ್ಲಿ ಭಾರಿ ಸದ್ದಿನೊಂದಿಗೆ ಬಂದ ಒಂದು ಯಂತ್ರ ಒಂಬತ್ತು ವರ್ಷಗಳ ಬಳಿಕ ಹೀಗೆ ಸದ್ದಿಲ್ಲದೆ ಹೊರಟುಹೋಯಿತು.

ವಿಚಿತ್ರವೆಂದರೆ ಗೆದ್ದದ್ದು ಸೋತ ಯಂತ್ರದ ಹಿಂದಿದ್ದ ವಿಚಾರವೇ. ಇಂದು ಹೊಸ ಪೆಟ್ರೋಲ್ ಕಾರು ಕೊಳ್ಳುವವರು ಯಾವ ದೇಶದಲ್ಲೇ ಇರಲಿ, ಅವರ ಕಾರಿನಲ್ಲಿ ಕಾರ್ಬುರೇಟರ್ ಇರುವುದಿಲ್ಲ, ಇಂಜೆಕ್ಷನ್ನೇ ಇರುತ್ತದೆ. ಹಾಗಿದ್ದ ಮೇಲೆ 1965ರಲ್ಲಿ ಅದು ಸೋತದ್ದೇಕೆ? ಕಾಲಕ್ಕಿಂತ ಮುಂಚೆ ಬಂತು ಎಂದು ಹೇಳಿ ಮುಗಿಸುವ ರೂಢಿಯಿದೆ. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ತಿಳಿಯುವುದೂ ಹೆಚ್ಚಿಲ್ಲ.

ಮೊದಲು ಕಾರ್ಬುರೇಟರಿನ ಸಂಗತಿ ನೋಡೋಣ. ಪೆಟ್ರೋಲ್ ಗಾಳಿಯೊಂದಿಗೆ ಬೆರೆತರೆ ಮಾತ್ರ ಇಂಜಿನಿನಲ್ಲಿ ಉರಿಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಈ ಹದವನ್ನು ಕಾಯುವ ಕೆಲಸ ಕಾರ್ಬುರೇಟರಿನದು. ಇಂಜಿನ್ ಎಳೆದುಕೊಳ್ಳುವ ಗಾಳಿ ಒಂದು ಇಕ್ಕಟ್ಟಾದ ಗಂಟಲಿನ ಮೂಲಕ ಹಾಯುತ್ತದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲ್ ಆ ಸೆಳೆತಕ್ಕೆ ಸಿಕ್ಕಿ, ಜೆಟ್ ಎಂಬ ಸಣ್ಣ ರಂಧ್ರದಿಂದ ಹೊರಬಂದು ಗಾಳಿಯೊಡನೆ ಸೇರುತ್ತದೆ. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಏರದಂತೆ, ಇಳಿಯದಂತೆ ನೋಡಿಕೊಳ್ಳಲು ನೀರಿನ ತೊಟ್ಟಿಯಲ್ಲಿರುವಂಥದೇ ಒಂದು ತೇಲುಬುಂಡೆ ಇರುತ್ತದೆ. ಇಷ್ಟೇ. ಅಗ್ಗದ, ಜಾಣತನದ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಬಿಚ್ಚಿ ಊದಿ ಜೋಡಿಸಬಹುದಾದ ಸಾಧನ.

ಇದರ ದೋಷಗಳು ಮುಖ್ಯವಾಗಿ ಎರಡು. ಎಂಟು ಸಿಲಿಂಡರಿನ ಇಂಜಿನಿಗೆ ಒಂದೇ ಕಡೆ ಮಿಶ್ರಣ ತಯಾರಿಸಿ ಕೊಳವೆಗಳಲ್ಲಿ ಹಂಚುವಾಗ ಹತ್ತಿರದ ಸಿಲಿಂಡರಿಗೆ ಹೆಚ್ಚು, ದೂರದ್ದಕ್ಕೆ ಕಡಿಮೆ ಹೋಗುತ್ತದೆ. ದಾರಿಯಲ್ಲಿ ಒಂದಷ್ಟು ಪೆಟ್ರೋಲ್ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ನೂರು ಜನರ ಪಂಕ್ತಿಗೆ ಒಬ್ಬನೇ ಬಡಿಸಿದ ಹಾಗೆ. ಎರಡನೆಯದು ಆ ಬಟ್ಟಲಿನದು. ಕಾರು ಜೋರಾಗಿ ತಿರುವು ತೆಗೆದುಕೊಂಡಾಗ ಬಟ್ಟಲಿನ ಪೆಟ್ರೋಲ್ ಒಂದು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಜೆಟ್ಟಿಗೆ ಪೆಟ್ರೋಲ್ ಸಿಗದೆ ಇಂಜಿನ್ ಒಂದು ಕ್ಷಣ ಉಸಿರು ಕಟ್ಟುತ್ತದೆ. ಸಂತೆಗೆ ಹೋಗುವ ಕಾರಿಗೆ ಇದೊಂದು ತೊಂದರೆಯೇ ಅಲ್ಲ. ಪಂದ್ಯದ ಕಾರಿಗೆ ಆ ಒಂದು ಕ್ಷಣವೇ ಎಲ್ಲವೂ.

ಈ ದೋಷದ ಬೆಲೆ ಎಷ್ಟೆಂಬುದು ಮೊದಲು ಗೊತ್ತಾದದ್ದು ನೆಲದ ಮೇಲಲ್ಲ, ಆಕಾಶದಲ್ಲಿ. 1940ರಲ್ಲಿ ಬ್ರಿಟನ್ನಿನ ಮೇಲೆ ನಡೆದ ವಾಯುಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದದ್ದು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಇಂಜಿನ್. ಅದಕ್ಕೆ ಕಾರ್ಬುರೇಟರ್. ಎದುರಾಳಿ ಮೆಸ್ಸರ್‌ಸ್ಮಿಟ್ ವಿಮಾನದ ಡೈಮ್ಲರ್-ಬೆಂಝ್ ಇಂಜಿನಿಗೆ ಇಂಜೆಕ್ಷನ್. ಜರ್ಮನ್ ಪೈಲಟ್ ಅಪಾಯ ಕಂಡೊಡನೆ ವಿಮಾನದ ಮೂತಿಯನ್ನು ಥಟ್ಟನೆ ಕೆಳಗೆ ಮಾಡಿ ಧುಮುಕುತ್ತಿದ್ದ. ಬೆನ್ನಟ್ಟುವ ಬ್ರಿಟಿಷ್ ಪೈಲಟ್ ಹಾಗೆಯೇ ಮಾಡಿದರೆ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಎಗರಿ ಇಂಜಿನ್ ಮುಗ್ಗರಿಸುತ್ತಿತ್ತು. ಆತ ವಿಮಾನವನ್ನು ಮೊದಲು ಮಗುಚಿ ಆಮೇಲೆ ಧುಮುಕಬೇಕು. ಅಷ್ಟರಲ್ಲಿ ಶತ್ರು ದೂರ. 1941ರಲ್ಲಿ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್ ಇದಕ್ಕೊಂದು ತಾತ್ಕಾಲಿಕ ಪರಿಹಾರ ಹುಡುಕಿದಳು. ಪೆಟ್ರೋಲಿನ ದಾರಿಗೆ ಅಡ್ಡವಾಗಿ ಇಡುವ, ನಡುವೆ ತೂತಿರುವ ಒಂದು ಸಣ್ಣ ಲೋಹದ ಬಿಲ್ಲೆ, ಅಷ್ಟೇ. ಆಕೆ ಮೋಟಾರ್‌ಸೈಕಲ್ ಪಂದ್ಯಗಳಲ್ಲೂ ಓಡುತ್ತಿದ್ದವಳು. ಪೈಲಟ್‌ಗಳು ಆ ಬಿಲ್ಲೆಯನ್ನು ಆಕೆಯ ಹೆಸರಿನಿಂದಲೇ ಕರೆದರು.

ಯುದ್ಧ ಮುಗಿಯಿತು. ಜರ್ಮನ್ನರ ಆ ಜ್ಞಾನ ಕಾರುಗಳಿಗೆ ಇಳಿದು ಬಂತು. ಡೀಸೆಲ್ ಇಂಜಿನಿಗೆ ಬೇಕಾದ ಇಂಜೆಕ್ಷನ್ ಪಂಪನ್ನು ಸ್ಟುಟ್‌ಗಾರ್ಟಿನ ಬಾಷ್ ಕಂಪನಿ 1927ರಿಂದಲೇ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿತ್ತು. ಸಿಲಿಂಡರಿಗೊಂದರಂತೆ ಕೂದಲೆಳೆಯ ಅಂತರವೂ ಇಲ್ಲದಂತೆ ಕೂರುವ ಪುಟ್ಟ ದಂಡಗಳು. ಒಂದೊಂದೂ ತನ್ನ ಸರದಿ ಬಂದಾಗ ಎಣಿಸಿಟ್ಟಷ್ಟೇ ಇಂಧನವನ್ನು ನೂಕುತ್ತದೆ. ಇದೇ ಮಾದರಿಯ ಪಂಪನ್ನು ಪೆಟ್ರೋಲಿಗೆ ಒಗ್ಗಿಸಿ ಮರ್ಸಿಡಿಸ್-ಬೆಂಝ್ 1954ರಲ್ಲಿ ತನ್ನ 300 ಎಸ್‌ಎಲ್ ಕಾರಿಗೆ ಜೋಡಿಸಿತು. ಹಕ್ಕಿಯ ರೆಕ್ಕೆಯಂತೆ ಬಾಗಿಲು ಮೇಲಕ್ಕೆ ತೆರೆಯುವ ಆ ಕಾರನ್ನು ಮೊದಲು ತೋರಿಸಿದ್ದು ನ್ಯೂಯಾರ್ಕಿನಲ್ಲಿ. ಡೆಟ್ರಾಯಿಟ್‌ನ ಇಂಜಿನಿಯರುಗಳ ಕಣ್ಣಿಗೆ ಅದು ಬೀಳದೆ ಇರುವುದು ಸಾಧ್ಯವೇ ಇರಲಿಲ್ಲ.

ಅಮೆರಿಕದಲ್ಲೂ ಈ ಪ್ರಯತ್ನ ಆಗಲೇ ನಡೆದಿತ್ತು. ಕ್ಯಾಲಿಫೋರ್ನಿಯದ ಸ್ಟುವರ್ಟ್ ಹಿಲ್‌ಬಾರ್ನ್ 1940ರ ದಶಕದ ಕೊನೆಯಲ್ಲಿ ಪಂದ್ಯದ ಕಾರುಗಳಿಗಾಗಿ ಒಂದು ಸರಳ ಇಂಜೆಕ್ಷನ್ ಕಟ್ಟಿದ್ದ. ಸರದಿ ಲೆಕ್ಕದ ಗೊಡವೆ ಬಿಟ್ಟು, ಪೆಟ್ರೋಲನ್ನು ಎಡೆಬಿಡದೆ ಚಿಮ್ಮಿಸುತ್ತಲೇ ಇರುವ ವಿಧಾನ ಅದು. ಪೂರ್ತಿ ವೇಗದಲ್ಲಿ ಓಡುವ ಕಾರಿಗೆ ಸರಿ. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಆಗಿ, ಸಿಗ್ನಲ್ಲಿನಲ್ಲಿ ನಿಂತು, ಮಳೆಯಲ್ಲಿ ಹತ್ತು ಮೈಲಿ ವೇಗದಲ್ಲಿ ತೆವಳಬೇಕಾದ ಕಾರಿಗೆ ಅದು ಸಾಲದು.

ಇನ್ನು ಕಾರ್ವೆಟ್. ಜನರಲ್ ಮೋಟರ್ಸ್ ಸಂಸ್ಥೆ 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಇದನ್ನು ಮೊದಲು ಜನರಿಗೆ ತೋರಿಸಿತು. ಫೈಬರ್ ಗ್ಲಾಸಿನ ಮೈ, ಎರಡೇ ಆಸನ, ನೋಡಲು ಚೆಲುವೆ. ಒಳಗಿದ್ದದ್ದು ಮಾತ್ರ ಆರು ಸಿಲಿಂಡರಿನ ಸಾಮಾನ್ಯ ಇಂಜಿನ್, ಎರಡೇ ಗೇರಿನ ಆಟೋಮ್ಯಾಟಿಕ್. ಮೊದಲ ವರ್ಷ ತಯಾರಾದವು 300. 1955ರಲ್ಲಿ ಎಂಟು ಸಿಲಿಂಡರಿನ ಹೊಸ ಇಂಜಿನ್ ಬಂದರೂ ಆ ವರ್ಷ ಹೊರಬಂದದ್ದು 700 ಕಾರುಗಳು. ಅದೇ ವರ್ಷ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ ಹದಿನಾರು ಸಾವಿರ ದಾಟಿತ್ತು. ಕಾರ್ವೆಟ್ಟನ್ನು ನಿಲ್ಲಿಸಿಬಿಡುವ ಮಾತು ಕಂಪನಿಯೊಳಗೆ ಕೇಳಿಬರುತ್ತಿದ್ದ ಕಾಲ.

ನ್ಯೂಯಾರ್ಕಿನ ಆ ಪ್ರದರ್ಶನದಲ್ಲಿ ಕಾರು ನೋಡಿ ಮನಸೋತವರಲ್ಲಿ ಝೋರಾ ಆರ್ಕಸ್-ಡಂಟೊವ್ ಒಬ್ಬ. 1909ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ, ರಷ್ಯದಲ್ಲಿ ಬೆಳೆದು, ಬರ್ಲಿನ್ನಿನಲ್ಲಿ ಇಂಜಿನಿಯರಿಂಗ್ ಓದಿ, 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಹೆಂಡತಿಯೊಡನೆ ತಪ್ಪಿಸಿಕೊಂಡು ಅಮೆರಿಕ ಸೇರಿದವನು. ಕಾರಿನ ರೂಪಕ್ಕೂ ಅದರ ಇಂಜಿನಿಗೂ ಹೊಂದಿಕೆಯಿಲ್ಲವೆಂದು ಅವನಿಗೆ ಕಂಡಿತು. ಕಂಪನಿಗೆ ಪತ್ರ ಬರೆದ. ಆ ವರ್ಷದ ಮೇ ತಿಂಗಳಲ್ಲಿ ಅಲ್ಲೇ ಕೆಲಸಕ್ಕೆ ಸೇರಿದ. ಶೆವ್ರೊಲೆಯ ಮುಖ್ಯ ಇಂಜಿನಿಯರ್ ಎಡ್ ಕೋಲ್. ಸಂಸ್ಥೆಯ ಇನ್ನೊಬ್ಬ ಇಂಜಿನಿಯರ್ ಜಾನ್ ಡೋಲ್ಜಾ ಆಗಲೇ ಇಂಜೆಕ್ಷನ್ನಿನ ಬೆನ್ನು ಹತ್ತಿದ್ದ. ಕೋಲ್ ಒತ್ತಾಸೆ ಕೊಟ್ಟ, ಡೋಲ್ಜಾ ಮತ್ತು ಡಂಟೊವ್ ಕೂಡಿ ಅದನ್ನು ಕಾರಿಗೆ ಇಳಿಸಿದರು. 1956ರಲ್ಲಿ ಪರೀಕ್ಷಾ ರಸ್ತೆಯಲ್ಲಿ ಕಾರು ಅಪಘಾತಕ್ಕೀಡಾಗಿ ಡಂಟೊವ್‌ನ ಬೆನ್ನುಮೂಳೆ ಮುರಿಯಿತು. ಮೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ನಿಂತೇ ಆತ ಈ ಕೆಲಸ ಮುಂದುವರಿಸಿದ.

ತಯಾರಿಕೆಯ ಹೊಣೆ ಬಿದ್ದದ್ದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿದ್ದ, ಜನರಲ್ ಮೋಟರ್ಸ್‌ನದೇ ಒಂದು ವಿಭಾಗದ ಮೇಲೆ. ಆ ವಿಭಾಗದ ದೊಡ್ಡ ಕಸುಬು ಕಾರ್ಬುರೇಟರ್ ಮಾಡುವುದು! 'ರ‍್ಯಾಮ್‌ಜೆಟ್' ಎಂಬ ಹೆಸರಿನಿಂದ 1957ರ ಮಾದರಿಯ ಕಾರುಗಳಲ್ಲಿ ಅದು ಹೊರಬಂತು. ಕಾರ್ವೆಟ್‌ಗೆ ಮಾತ್ರವಲ್ಲ, ಮನೆಮಂದಿಯೆಲ್ಲ ಕೂರುವ ಶೆವ್ರೊಲೆ ಕಾರಿಗೂ ಕೇಳಿದರೆ ಹಾಕಿಕೊಡುತ್ತಿದ್ದರು. ಸೋದರ ಕಂಪನಿ ಪಾಂಟಿಯಾಕ್ ತನ್ನ ಬಾನೆವಿಲ್ ಕಾರಿನಲ್ಲಿ ಇದನ್ನು ಬಳಸಿ 630 ಕಾರುಗಳನ್ನು ಮಾಡಿತು.

ಈ ಯಂತ್ರ ಕೆಲಸ ಮಾಡುತ್ತಿದ್ದ ರೀತಿಯನ್ನು ತುಸು ನಿಧಾನವಾಗಿ ನೋಡಬೇಕು. ಅದರ ಸೊಗಸೂ ಅಲ್ಲೇ ಇದೆ, ಸಂಕಟವೂ ಅಲ್ಲೇ ಇದೆ. ಇಂಜಿನಿನ ನೆತ್ತಿಯ ಮೇಲೆ ನಾಯಿಗೂಡಿನ ಆಕಾರದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಕರೆದದ್ದೂ ನಾಯಿಗೂಡು ಎಂದೇ. ಅದರಿಂದ ಎಂಟು ಕೊಳವೆಗಳು ಎಂಟು ಸಿಲಿಂಡರುಗಳಿಗೆ ಇಳಿಯುತ್ತವೆ. ಇವುಗಳಲ್ಲಿ ಹೋಗುವುದು ಬರೀ ಗಾಳಿ. ಗೂಡಿನ ಒಂದು ಪಕ್ಕದಲ್ಲಿ ಗಾಳಿ ಅಳೆಯುವ ಬಾಯಿ. ಇನ್ನೊಂದು ಪಕ್ಕದಲ್ಲಿ ಪೆಟ್ರೋಲ್ ಅಳೆಯುವ ಡಬ್ಬಿ. ಡಬ್ಬಿಯ ತಳದಲ್ಲಿ ಪುಟ್ಟ ಗೇರ್ ಪಂಪು. ಸ್ಪೀಡೋಮೀಟರಿಗೆ ಇರುತ್ತದಲ್ಲ, ಅಂಥದೇ ಒಂದು ತಿರುಗುವ ಕೇಬಲ್ ಡಿಸ್ಟ್ರಿಬ್ಯೂಟರಿನಿಂದ ಬಂದು ಈ ಪಂಪನ್ನು ತಿರುಗಿಸುತ್ತದೆ. ಇಂಜಿನ್ ಎಷ್ಟು ವೇಗವೋ ಪಂಪೂ ಅಷ್ಟು ವೇಗ. ಪಂಪು ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚೇ ಪೆಟ್ರೋಲ್ ಎತ್ತುತ್ತದೆ. ಹೆಚ್ಚಾದದ್ದು ಒಂದು ಕವಾಟದ ಮೂಲಕ ಮತ್ತೆ ಡಬ್ಬಿಗೇ ಚೆಲ್ಲಿಹೋಗುತ್ತದೆ. ಚೆಲ್ಲುವುದು ಕಡಿಮೆಯಾದರೆ ಇಂಜಿನಿಗೆ ಹೆಚ್ಚು ಪೆಟ್ರೋಲ್. ಚೆಲ್ಲುವುದು ಹೆಚ್ಚಾದರೆ ಕಡಿಮೆ.

ಎಷ್ಟು ಚೆಲ್ಲಬೇಕೆಂದು ನಿರ್ಧರಿಸುವುದು ಯಾರು? ಕಾಗದದಷ್ಟು ತೆಳುವಾದ ಒಂದು ಪೊರೆ. ಗಾಳಿಯ ಬಾಯಿಯ ಇಕ್ಕಟ್ಟಿನಲ್ಲಿ ಹುಟ್ಟುವ ಸೆಳೆತವನ್ನು ಒಂದು ಸಣ್ಣ ಕೊಳವೆ ಈ ಪೊರೆಯ ಮೇಲ್ಭಾಗಕ್ಕೆ ಮುಟ್ಟಿಸುತ್ತದೆ. ಹೆಚ್ಚು ಗಾಳಿ ಹಾಯ್ದರೆ ಪೊರೆ ಮೇಲೇಳುತ್ತದೆ. ಅದಕ್ಕೆ ಕಟ್ಟಿದ ಸನ್ನೆಗೋಲು ಕವಾಟವನ್ನು ಒತ್ತಿ ಹಿಡಿಯುತ್ತದೆ. ಇನ್ನೊಂದು ಪೊರೆ ಚಾಲಕ ಕಾರನ್ನು ಆರಾಮವಾಗಿ ಓಡಿಸುತ್ತಿದ್ದಾನೋ, ಪೆಡಲನ್ನು ನೆಲಕ್ಕೆ ತುಳಿದಿದ್ದಾನೋ ಎಂಬುದನ್ನು ಇಂಜಿನಿನ ಒಳಗಿನ ಸೆಳೆತದಿಂದ ಗ್ರಹಿಸಿ ಸನ್ನೆಗೋಲಿನ ಆಧಾರಬಿಂದುವನ್ನೇ ಆಚೀಚೆ ಸರಿಸುತ್ತದೆ. ಹೀಗೆ ಹದಗೊಂಡ ಪೆಟ್ರೋಲ್ ಎಂಟು ನಾಝಲ್‌ಗಳಿಂದ ಎಂಟು ಸಿಲಿಂಡರುಗಳ ಬಾಗಿಲಿಗೆ ಎಡೆಬಿಡದೆ ಚಿಮ್ಮುತ್ತದೆ. ಕಂಪ್ಯೂಟರ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ಲೆಕ್ಕ ಮಾಡುವುದು ಗಾಳಿ, ಪೊರೆ ಮತ್ತು ಸನ್ನೆಗೋಲು. ಅಕ್ಕಸಾಲಿಗನ ತಕ್ಕಡಿಯಂಥ ಈ ಕುಸುರಿಯನ್ನು ಕಾದ ಇಂಜಿನಿನ ಮೇಲೆ, ಅದುರುವ ಕಾರಿನೊಳಗೆ ಕೂರಿಸಿದ ಧೈರ್ಯವನ್ನು ಮೆಚ್ಚಲೇಬೇಕು.

283 ಘನ ಅಂಗುಲದ, ಎಂದರೆ 4.6 ಲೀಟರಿನ ಇಂಜಿನಿನಿಂದ 283 ಅಶ್ವಶಕ್ತಿ. ಘನ ಅಂಗುಲಕ್ಕೊಂದು ಕುದುರೆ ಎಂದು ಕಂಪನಿಯ ಜಾಹೀರಾತು ಡಂಗುರ ಹೊಡೆಯಿತು. ಹಿಂದಿನ ವರ್ಷವೇ ಕ್ರೈಸ್ಲರ್ 354 ಘನ ಅಂಗುಲದಿಂದ 355 ಅಶ್ವಶಕ್ತಿ ಕೊಡುವ ಇಂಜಿನನ್ನು ಮಾರಿತ್ತೆಂಬುದನ್ನು ಜಾಹೀರಾತು ಬರೆದವರು ಮರೆತಂತಿತ್ತು. ಇನ್ನೊಂದು ವಿಷಯವನ್ನೂ ಅವರು ಹೇಳಲಿಲ್ಲ. ಅದೇ 1957ರ ಕಾರ್ವೆಟ್‌ಗೆ ಎರಡು ಕಾರ್ಬುರೇಟರ್ ಹಾಕಿಸಿಕೊಂಡರೆ 270 ಅಶ್ವಶಕ್ತಿ ಸಿಗುತ್ತಿತ್ತು. ಅಂದರೆ ಇಂಜೆಕ್ಷನ್ ಕೊಟ್ಟ ಹೆಚ್ಚುವರಿ ಬಲ ಹದಿಮೂರು. ಅದರ ನಿಜವಾದ ಗುಣ ಇದ್ದದ್ದು ಸಂಖ್ಯೆಯಲ್ಲಲ್ಲ, ತಿರುವಿನಲ್ಲಿ. ಕಾರು ಎಷ್ಟು ವಾಲಿದರೂ ಇಂಜಿನ್ ಮುಗ್ಗರಿಸುತ್ತಿರಲಿಲ್ಲ. ಪೆಡಲ್ ತುಳಿದೊಡನೆ ತಡವಿಲ್ಲದೆ ಓಗೊಡುತ್ತಿತ್ತು. ಆದರೆ ತಿರುವಿನಲ್ಲಿ ಆಗುವ ಅನುಭವವನ್ನು ಜಾಹೀರಾತಿನ ಸಾಲಿನಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಪಂದ್ಯಗಳಲ್ಲಿ ಮಾತ್ರ ಈ ಗುಣ ಎದ್ದು ಕಂಡಿತು. 1957ರ ಮಾರ್ಚಿನಲ್ಲಿ ಫ್ಲಾರಿಡದ ಸೆಬ್ರಿಂಗ್‌ನ ಹನ್ನೆರಡು ಗಂಟೆಗಳ ಪಂದ್ಯದಲ್ಲಿ ಡಿಕ್ ಥಾಂಪ್ಸನ್ ಮತ್ತು ಗಾಸ್ಟನ್ ಆಂಡ್ರೆ ಓಡಿಸಿದ ಕಾರ್ವೆಟ್ ತನ್ನ ವರ್ಗದಲ್ಲಿ ಗೆದ್ದಿತು. ಥಾಂಪ್ಸನ್ ವೃತ್ತಿಯಿಂದ ವಾಷಿಂಗ್ಟನ್ನಿನ ದಂತವೈದ್ಯ. ಮೂರೇ ತಿಂಗಳಲ್ಲಿ, ಆ ಜೂನ್‌ನಲ್ಲಿ, ಅಮೆರಿಕದ ಕಾರು ತಯಾರಕರ ಸಂಘ ತನ್ನ ಸದಸ್ಯರು ಪಂದ್ಯಗಳಿಂದ ದೂರವಿರಬೇಕೆಂದು ನಿರ್ಣಯ ಮಾಡಿತು. ಎರಡು ವರ್ಷ ಹಿಂದೆ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಮರ್ಸಿಡಿಸ್ ಕಾರೊಂದು ಜನರ ಮೇಲೆ ಹಾರಿಬಿದ್ದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಭೀತಿ ಇನ್ನೂ ಆರಿರಲಿಲ್ಲ. ಕಂಪನಿ ಬಹಿರಂಗವಾಗಿ ಹಿಂದೆ ಸರಿಯಿತು. ಇಂಜೆಕ್ಷನ್ ಇರುವ ಕಾರನ್ನು ಕೊಂಡು ಸ್ವಂತ ಖರ್ಚಿನಲ್ಲಿ ಓಡುವವರು ಉಳಿದರು.

ಅಂಥವರಲ್ಲಿ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಎಂಬ ಸಿರಿವಂತನೂ ಒಬ್ಬ. 1960ರಲ್ಲಿ ಆತ ಇಂಜೆಕ್ಷನ್ ಇದ್ದ ಮೂರು ಕಾರ್ವೆಟ್‌ಗಳನ್ನು ಲ ಮಾನ್‌ಗೆ ಒಯ್ದ. ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ಓಡುವ ಪಂದ್ಯ. ಜಾನ್ ಫಿಚ್ ಮತ್ತು ಬಾಬ್ ಗ್ರಾಸ್‌ಮನ್ ಓಡಿಸುತ್ತಿದ್ದ ಕಾರಿನ ಇಂಜಿನ್ ಕೊನೆಯ ಗಂಟೆಗಳಲ್ಲಿ ನೀರು ಕಳೆದುಕೊಂಡು ಕುದಿಯತೊಡಗಿತು. ಇಷ್ಟು ಸುತ್ತು ಮುಗಿಯುವ ತನಕ ನೀರು ತುಂಬಬಾರದೆಂಬ ನಿಯಮ ಬೇರೆ. ಆಗ ತಂಡದವರು ಮಂಜುಗಡ್ಡೆ ತಂದು ಬಾನೆಟ್ ಎತ್ತಿ ಇಂಜಿನಿನ ಸುತ್ತ ತುಂಬಿದರು. ಕಾರು ಒಂದು ಸುತ್ತು ತೆವಳಿ ಬರುತ್ತದೆ, ಮತ್ತೆ ಮಂಜುಗಡ್ಡೆ. ಹೀಗೆಯೇ ಪಂದ್ಯ ಮುಗಿಸಿ ಒಟ್ಟಾರೆ ಎಂಟನೆಯ ಸ್ಥಾನ, ತನ್ನ ವರ್ಗದಲ್ಲಿ ಮೊದಲನೆಯ ಸ್ಥಾನ. ಈ ಫಿಚ್, 1955ರಲ್ಲಿ ಜನರ ಮೇಲೆ ಬಿದ್ದ ಆ ಮರ್ಸಿಡಿಸ್‌ಗೆ ಎರಡನೆಯ ಚಾಲಕನಾಗಿದ್ದವನು. ಅವನ ಸರದಿ ಬರುವ ಮೊದಲೇ ದುರಂತ ನಡೆದಿತ್ತು. ಹೆದ್ದಾರಿಯ ಅಪಾಯದ ಜಾಗಗಳಲ್ಲಿ ಮರಳು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳನ್ನು ಸಾಲಾಗಿ ಇಡುವ ಉಪಾಯವನ್ನು ಮುಂದೆ ರೂಪಿಸಿದವನೂ ಅವನೇ.

ಪಂದ್ಯದಲ್ಲಿ ಹೀಗೆ. ಮನೆಯ ಮುಂದೆ?

ಅಲ್ಲಿ ಕತೆಯೇ ಬೇರೆಯಾಗಿತ್ತು. ಬಿಸಿಲಿನಲ್ಲಿ ದೂರ ಓಡಿಸಿ ಬಂದು ಹತ್ತು ನಿಮಿಷ ನಿಲ್ಲಿಸಿದರೆ ಸಾಕು, ಇಂಜಿನಿನ ಕಾವಿಗೆ ಸಣ್ಣ ಕೊಳವೆಗಳೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಲು ಹೆಣಗಬೇಕು. ನಿಂತಲ್ಲಿ ಇಂಜಿನ್ ಒಂದೇ ಲಯದಲ್ಲಿ ಓಡುತ್ತಿರಲಿಲ್ಲ. ಕಾರಣ ಸ್ಪಷ್ಟ: ಹಾಯುವ ಗಾಳಿ ಕಡಿಮೆಯಿದ್ದಾಗ ಪೊರೆಗೆ ಮುಟ್ಟುವ ಸೆಳೆತವೂ ಕ್ಷೀಣ, ತಕ್ಕಡಿ ಯಾವ ಕಡೆಗೂ ಸರಿಯಾಗಿ ವಾಲುವುದಿಲ್ಲ. ನಾಝಲ್ಲಿನ ರಂಧ್ರ ಸೂಜಿಮೊನೆಗಿಂತ ಹಿರಿದಲ್ಲ; ಪೆಟ್ರೋಲಿನಲ್ಲಿ ಒಂದು ಕಣ ಕಸವಿದ್ದರೆ ಆ ಸಿಲಿಂಡರ್ ಉಪವಾಸ. ಕೇಬಲ್ ತುಂಡಾಗುವುದು, ಪೊರೆ ಸೋರುವುದು ಇದ್ದದ್ದೇ.

ಇವೆಲ್ಲ ಸರಿಪಡಿಸಬಹುದಾದ ದೋಷಗಳೇ. ಕಂಪನಿ ವರ್ಷವರ್ಷವೂ ತಿದ್ದುತ್ತ ಬಂತು. ಆದರೆ ಸರಿಪಡಿಸಲು ಜನ ಬೇಕಲ್ಲ! 1957ರಲ್ಲಿ ಮಾರಾಟವಾದ 6,339 ಕಾರ್ವೆಟ್‌ಗಳಲ್ಲಿ ಇಂಜೆಕ್ಷನ್ ಇದ್ದವು 1,040. ಅಷ್ಟು ದೊಡ್ಡ ದೇಶದಲ್ಲಿ ಇವು ಚದುರಿಹೋದರೆ ಒಂದೂರಿನ ಶೆವ್ರೊಲೆ ಗ್ಯಾರೇಜಿಗೆ ಬರುವುದು ಒಂದೋ ಎರಡೋ. ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವ ಯಂತ್ರವನ್ನು ಮೆಕ್ಯಾನಿಕ್ ಕಲಿಯುವುದಾದರೂ ಹೇಗೆ? ಅವನ ಕೈ ಪಳಗಿರುವುದು ಕಾರ್ಬುರೇಟರಿನಲ್ಲಿ. ಸನ್ನೆಗೋಲಿನ ಆಧಾರಬಿಂದು ಎಲ್ಲಿರಬೇಕೆಂದು ಹೊಂದಿಸಲು ಒತ್ತಡ ಅಳೆಯುವ ಉಪಕರಣ ಬೇಕು, ತಾಳ್ಮೆ ಬೇಕು, ಪುಸ್ತಕ ಓದಬೇಕು. ಕಾರಿನವನು ಮೂರನೆಯ ಸಲ ಬಂದು ಜಗಳಕ್ಕೆ ನಿಂತಾಗ ಗ್ಯಾರೇಜಿನವರಿಗೆ ಹೊಳೆಯುವ ದಾರಿ ಒಂದೇ: ಇಡೀ ಇಂಜೆಕ್ಷನ್ನನ್ನು ಕಳಚಿಟ್ಟು ಒಂದು ಕಾರ್ಬುರೇಟರ್ ಕೂರಿಸುವುದು. ಎಷ್ಟೋ ಕಾರುಗಳಿಗೆ ಹೀಗಾಯಿತು. ಮೂಲ ಬೆಲೆಯ ಮೇಲೆ 484 ಡಾಲರ್ ಹೆಚ್ಚಿಗೆ ಕೊಟ್ಟು ಕೊಂಡ ಯಂತ್ರ ಗ್ಯಾರೇಜಿನ ಮೂಲೆ ಸೇರಿತು. ಕಾರಿನ ಪಕ್ಕದಲ್ಲಿ ಮಾತ್ರ 'ಫ್ಯೂಯೆಲ್ ಇಂಜೆಕ್ಷನ್' ಎಂಬ ಹೊಳೆಯುವ ಅಕ್ಷರಗಳು ಹಾಗೆಯೇ ಉಳಿದವು.

ಇಂಜೆಕ್ಷನ್ ಪಂಪು ಕ್ಲಿಷ್ಟವಾದ್ದರಿಂದ ಸೋತಿತು ಎನ್ನುವವರಿಗೆ ನಮ್ಮಲ್ಲೇ ಉತ್ತರವಿದೆ. ಬಾಷ್ ಕಂಪನಿಯ ಡೀಸೆಲ್ ಪಂಪನ್ನು ತಯಾರಿಸಲು 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಖಾನೆಯೇ ಮೈಕೋ. 2008ರಲ್ಲಿ ಅದಕ್ಕೆ ಬಾಷ್ ಎಂದೇ ಹೆಸರಾಯಿತು. ಆ ಪಂಪು ರ‍್ಯಾಮ್‌ಜೆಟ್‌ಗಿಂತ ಸರಳವೇನಲ್ಲ. ಅದರ ದಂಡಗಳ ನಯಕ್ಕೆ ಬೆರಳಿನ ಧೂಳೂ ಆಗದು. ಆದರೂ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಅದು ದಶಕಗಟ್ಟಲೆ ದುಡಿಯಿತು. ಏಕೆಂದರೆ ಡೀಸೆಲ್ ಇಂಜಿನಿಗೆ ಇಂಜೆಕ್ಷನ್ ಬಿಟ್ಟರೆ ಗತಿಯಿಲ್ಲ. ಕಳಚಿಟ್ಟು ಬೇರೇನೋ ಕೂರಿಸುವ ಸುಲಭದ ದಾರಿ ಅಲ್ಲಿಲ್ಲ. ಹಾಗಾಗಿ ಹೆದ್ದಾರಿಯ ಊರುಗಳಲ್ಲೆಲ್ಲ ಪಂಪು ಬಿಚ್ಚಿ, ಬೆಂಚಿನ ಮೇಲೆ ಕಟ್ಟಿ, ಗಾಜಿನ ನಳಿಗೆಗಳಲ್ಲಿ ಬೀಳುವ ಡೀಸೆಲ್ ಅಳೆದು ಹೊಂದಿಸುವ ಕೈಗಳು ತಯಾರಾದವು. ಕಾರ್ವೆಟ್‌ಗೆ ಅಂಥ ಕೈಗಳು ಸಿಗಲಿಲ್ಲ.

ಅಮೆರಿಕದಲ್ಲೇ ಇನ್ನೊಂದು ಪ್ರಯತ್ನ ಇದಕ್ಕಿಂತ ಬೇಗ ನೆಲಕಚ್ಚಿತ್ತು. ಬೆಂಡಿಕ್ಸ್ ಕಂಪನಿ ಪೊರೆ, ಸನ್ನೆಗೋಲುಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಲೆಕ್ಕದಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ರೂಪಿಸಿತ್ತು. 1958ರಲ್ಲಿ ಕ್ರೈಸ್ಲರ್ ಬಳಗದ ಸುಮಾರು 35 ಕಾರುಗಳಿಗೆ ಅದನ್ನು ಹಾಕಿದರು. ಅಂದಿನ ಬಿಡಿಭಾಗಗಳು ಇಂಜಿನಿನ ಬಿಸಿ, ಅದುರುವಿಕೆಗೆ ತಾಳಲಿಲ್ಲ. ಬಹುತೇಕ ಕಾರುಗಳಿಗೆ ಕಂಪನಿಯೇ ಮತ್ತೆ ಕಾರ್ಬುರೇಟರ್ ಹಾಕಿಕೊಟ್ಟಿತು. ಬೆಂಡಿಕ್ಸ್‌ನ ಪೇಟೆಂಟ್‌ಗಳು ಬಾಷ್ ಕಂಪನಿಯ ಕೈಸೇರಿದವು. ಅದಕ್ಕೆ ಮತ್ತೆ ಬರೋಣ.

1962ರಲ್ಲಿ ಕಾರ್ವೆಟ್ ಇಂಜಿನ್ 327 ಘನ ಅಂಗುಲಕ್ಕೆ ಬೆಳೆಯಿತು. 1963ರಲ್ಲಿ 'ಸ್ಟಿಂಗ್ ರೇ' ಎಂಬ ಹೊಸ ರೂಪ ಬಂತು. ಆ ವರ್ಷದ 21,513 ಕಾರುಗಳಲ್ಲಿ 2,610ಕ್ಕೆ ಇಂಜೆಕ್ಷನ್. ಅದೇ ಶಿಖರ. 1964ರಲ್ಲಿ ಅದು ಅರ್ಧಕ್ಕಿಳಿದು 1,325 ಆಯಿತು. ಅಷ್ಟರಲ್ಲಿ ಯಂತ್ರ ಮೊದಲಿಗಿಂತ ಎಷ್ಟೋ ಪಳಗಿತ್ತೆಂಬುದೇ ಇದರಲ್ಲಿನ ವ್ಯಂಗ್ಯ. 1965ರ ಪಟ್ಟಿಯಲ್ಲಿ, ನಾನು ಮೊದಲಿಗೆ ಹೇಳಿದ ಎರಡು ಇಂಜಿನುಗಳಲ್ಲದೆ ಮೂರನೆಯದೂ ಒಂದಿತ್ತು: ಇಂಜೆಕ್ಷನ್ ಇದ್ದ ಇಂಜಿನಿನಷ್ಟೇ ಗಾತ್ರ, ಕಾರ್ಬುರೇಟರ್, 365 ಅಶ್ವಶಕ್ತಿ, ಬೆಲೆ 129 ಡಾಲರ್. ಹತ್ತು ಅಶ್ವಶಕ್ತಿಗೆ ನಾನೂರು ಡಾಲರ್ ಹೆಚ್ಚಿಗೆ ಯಾರು ಕೊಡುತ್ತಾರೆ? ಪೆಟ್ರೋಲ್ ಗ್ಯಾಲನ್ನಿಗೆ, ಅಂದರೆ ಸುಮಾರು 3.8 ಲೀಟರಿಗೆ, ಮೂವತ್ತು ಸೆಂಟ್‌ನ ಆಸುಪಾಸು. ಬಲ ಬೇಕೆಂದರೆ ಇಂಜಿನ್ ದೊಡ್ಡದು ಮಾಡಿದರಾಯಿತು. ಹನಿ ಹನಿ ಲೆಕ್ಕ ಹಾಕುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆ ಅಗತ್ಯವನ್ನು ತಂದದ್ದು ಹೊಗೆ. ಲಾಸ್ ಏಂಜಲೀಸ್ ನಗರದ ಆಕಾಶ ಕಂದಿ, ಕ್ಯಾಲಿಫೋರ್ನಿಯ ಮೊದಲು ನಿಯಮ ಮಾಡಿತು. 1970ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಿಗಿಯಾದ ಶುದ್ಧಗಾಳಿ ಕಾನೂನು ಬಂತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕಾಣಿಸಿಕೊಂಡಿತ್ತು. ಅದರ ಬೇರು ಬೆಂಡಿಕ್ಸ್‌ನ ಆ ಸೋತ ಪ್ರಯೋಗದಲ್ಲಿತ್ತು. ಜನರಲ್ ಮೋಟರ್ಸ್‌ನಲ್ಲಿ ಆ ಹೊತ್ತಿಗೆ ಅಧ್ಯಕ್ಷನಾಗಿದ್ದವನು ಎಡ್ ಕೋಲ್, 1957ರಲ್ಲಿ ರ‍್ಯಾಮ್‌ಜೆಟ್ಟಿಗೆ ಒತ್ತಾಸೆ ಕೊಟ್ಟಿದ್ದ ಅದೇ ಕೋಲ್. ಹೊಗೆಯ ವಿಷವನ್ನು ಕೊಳವೆಯಲ್ಲೇ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೀಸವಿಲ್ಲದ ಪೆಟ್ರೋಲಿನ ಪರವಾಗಿ ಆತ ನಿಂತ. 1975ರ ಮಾದರಿಯ ಕಾರುಗಳಲ್ಲಿ ಕನ್ವರ್ಟರ್ ಬಂತು. ಆ ಸಾಧನ ಚೆನ್ನಾಗಿ ಕೆಲಸ ಮಾಡಬೇಕಾದರೆ ಗಾಳಿ ಮತ್ತು ಪೆಟ್ರೋಲಿನ ಹದ ಕ್ಷಣಕ್ಷಣವೂ ಕರಾರುವಾಕ್ಕಾಗಿರಬೇಕು. ಅದು ಕಾರ್ಬುರೇಟರಿನ ಕೈಮೀರಿದ ಕೆಲಸ. ಕೋಲ್ 1977ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ. 1982ರಲ್ಲಿ ಕಾರ್ವೆಟ್‌ಗೆ ಇಂಜೆಕ್ಷನ್ ಕಂಪ್ಯೂಟರಿನ ಜೊತೆ ಮರಳಿತು. 1985ರಲ್ಲಿ ಸಿಲಿಂಡರಿಗೊಂದು ನಾಝಲ್ ಮತ್ತೆ ಬಂತು. ನಮ್ಮ ದೇಶದಲ್ಲೂ ದಾರಿ ಇದೇ ಆಯಿತು: 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಹೊಸ ಬೈಕು, ಸ್ಕೂಟರುಗಳ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯಿತು.

ಡಂಟೊವ್ ಇದನ್ನೆಲ್ಲ ನೋಡುವಷ್ಟು ಕಾಲ ಬದುಕಿದ್ದ. 1996ರಲ್ಲಿ ತೀರಿಕೊಂಡ ಅವನ ಚಿತಾಭಸ್ಮ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ಮ್ಯೂಸಿಯಂನಲ್ಲಿದೆ. ಲ ಮಾನ್‌ನಲ್ಲಿ ಮಂಜುಗಡ್ಡೆ ಹೊತ್ತು ಓಡಿದ ಕಾರು ಬಹಳ ಕಾಲ ಕಣ್ಮರೆಯಾಗಿದ್ದು ಮತ್ತೆ ಸಿಕ್ಕಿತು. ದುರಸ್ತಿಯಾಗಿ 2010ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ಮೇಲೆ, ಅದೇ ರಸ್ತೆಗೆ ಹೋಗಿಬಂತು. ಜೊತೆಗೆ 92 ವರ್ಷದ ಫಿಚ್ ಕೂಡ.

ಕಳಚಿ ಮೂಲೆಗೆ ಎಸೆದಿದ್ದ ರ‍್ಯಾಮ್‌ಜೆಟ್‌ಗಳನ್ನು ಜನ ಈಗ ಹುಡುಕಿ ಹುಡುಕಿ ಭಾರಿ ಬೆಲೆ ತೆತ್ತು ಕೊಳ್ಳುತ್ತಾರೆ. 1957ರಲ್ಲಿ ಇಲ್ಲದ ಪರಿಣತರು ಈಗ ಇದ್ದಾರೆ. ಬೆರಳೆಣಿಕೆಯಷ್ಟೇ, ಆದರೆ ಬೇರೆ ಕೆಲಸ ಮುಟ್ಟದೆ ಇದೊಂದನ್ನೇ ಮಾಡುವವರು. ಪೊರೆಯನ್ನು ಹೊಸದಾಗಿ ಹಾಕಿ, ನಾಝಲ್ಲುಗಳನ್ನು ಒಂದೊಂದಾಗಿ ಅಳೆದು ಎಂಟೂ ಸಮವಾಗಿ ಚಿಮ್ಮುವಂತೆ ಜೋಡಿ ಮಾಡಿ, ಸನ್ನೆಗೋಲನ್ನು ಹೊಂದಿಸಿ ಕಳಿಸುತ್ತಾರೆ. ಒಂದು ತೊಂದರೆ ಮಾತ್ರ ಅವರ ಕೈಗೂ ಪೂರ್ತಿ ಸಿಕ್ಕಿಲ್ಲ. ಇಂದಿನ ಪೆಟ್ರೋಲ್ ಮುಚ್ಚಿದ ಕೊಳವೆಯಲ್ಲಿ ಒತ್ತಡದಡಿ ಹರಿಯುವ ಇಂಜೆಕ್ಷನ್ನಿಗೆಂದೇ ತಯಾರಾದದ್ದು. ತೆರೆದ ಬಟ್ಟಲಿನಲ್ಲಿ ಹಳೆಯ ಪೆಟ್ರೋಲಿಗಿಂತ ಬೇಗ ಕುದಿಯುತ್ತದೆ. ಹಾಗಾಗಿ ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿದ 1957ರ ಕಾರ್ವೆಟ್ ಈಗಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ.